ವಿಕ್ಟೋರಿಯಾ ಕಾಲದ ಸಾಲುಮನೆ ನೋಡಲು ಹೊರಟವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಪ್ಟೆಂಬರ್ ಹತ್ತಿರ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಊರಿಂದ ಅಪ್ಪ–ಅಮ್ಮನನ್ನು ಕರೆಸಿಕೊಂಡವರು, ಹೊಸದಾಗಿ ಲಂಡನ್ನಿಗೆ ಕೆಲಸಕ್ಕೆ ಬಂದ ಹುಡುಗರು, ಎಲ್ಲರದೂ ಒಂದೇ ಮಾತು: "ಅರಮನೆ ಗೇಟು ನೋಡಿದ್ದಾಯ್ತು, ಲಂಡನ್ ಐ ಹತ್ತಿದ್ದಾಯ್ತು. ಇಲ್ಲಿಯವರ ಹಳೇ ಮನೆ ಒಳಗಡೆ ಹೇಗಿರುತ್ತೆ, ಅದನ್ನ ತೋರಿಸಿ." ಅದೇ ಉತ್ತರವನ್ನು ಎಷ್ಟು ಸಲ ಟೈಪ್ ಮಾಡುವುದು? ಒಟ್ಟಿಗೆ ಬರೆದಿಟ್ಟಿದ್ದೇನೆ. ಇಲ್ಲಿನ ಮಾತು ಬಹುಪಾಲು ಒಂದೇ ಮನೆಯ ಸುತ್ತ ತಿರುಗುತ್ತದೆ. ಅದು ಕೆನ್ಸಿಂಗ್ಟನ್ನಿನ ಸ್ಟಾಫರ್ಡ್ ಟೆರೇಸ್ ಎಂಬ ಬೀದಿಯ 18ನೇ ನಂಬರಿನ ಮನೆ. ಈಗ ಅದಕ್ಕೆ ಸ್ಯಾಂಬೋರ್ನ್ ಹೌಸ್ ಎಂದು ಹೆಸರು. ನಾನು ಅತಿ ಹೆಚ್ಚು ಸಲ ಮೆಟ್ಟಿಲು ಹತ್ತಿದ್ದು ಅಲ್ಲೇ.

ಟೆರೇಸ್ ಹೌಸ್ ಅಂದರೆ ತಾರಸಿ ಮನೆಯಾ? ಮೇಲೆ ಹಪ್ಪಳ ಒಣಗಿಸಬಹುದಾ?

ಇಲ್ಲ. ನಮ್ಮ "ತಾರಸಿ"ಗೂ ಅವರ "ಟೆರೇಸ್"ಗೂ ಮೂಲ ಒಂದೇ ಇದ್ದರೂ ಅರ್ಥ ಎಲ್ಲೋ ದಾರಿಯಲ್ಲಿ ಬೇರೆಯಾಯಿತು. ಇಲ್ಲಿ ಟೆರೇಸ್ ಎಂದರೆ ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಅಕ್ಕಪಕ್ಕದ ಎರಡು ಮನೆಗೂ ನಡುಗೋಡೆ ಒಂದೇ. ನಮ್ಮ ವಠಾರ ನೆನಪಾಗುತ್ತದೆ, ಆದರೆ ವಠಾರದ ಹಾಗೆ ಅಂಗಳ, ನಲ್ಲಿ ಹಂಚಿಕೊಳ್ಳುವುದಿಲ್ಲ. ಪ್ರತಿ ಮನೆಗೂ ಅದರದೇ ಬಾಗಿಲು, ಅದರದೇ ಹಿತ್ತಲು. ಜಾಗ ಅಗಲಕ್ಕೆ ಸಿಗದ ಕಾರಣ ಮನೆ ಎತ್ತರಕ್ಕೆ ಬೆಳೆಯಿತು. ಸ್ಟಾಫರ್ಡ್ ಟೆರೇಸಿನ ಮನೆ ನೆಲಮಾಳಿಗೆಯಿಂದ ಅಟ್ಟದವರೆಗೆ ಐದು ಹಂತ. ಬೀದಿಯಿಂದ ನೋಡಿದರೆ ಕಿಟಕಿ ಮೇಲೆ ಕಿಟಕಿ, ಅಷ್ಟೆ. ತಾರಸಿಯೂ ಇಲ್ಲ, ಹಪ್ಪಳ ಒಣಗಿಸುವ ಬಿಸಿಲೂ ಇಲ್ಲ.

"ವಿಕ್ಟೋರಿಯಾ ಕಾಲ" ಅಂದರೆ ಯಾವಾಗ?

ರಾಣಿ ವಿಕ್ಟೋರಿಯಾ ಪಟ್ಟಕ್ಕೆ ಬಂದ 1837ರಿಂದ ಆಕೆ ತೀರಿಕೊಂಡ 1901ರವರೆಗೆ. ಈ ಅವಧಿಯಲ್ಲಿ ಮನೆ ಕಟ್ಟುವ ರೀತಿಯೇ ಬದಲಾಗಲು ತೆರಿಗೆಗಳೂ ಒಂದು ಕಾರಣ. ಗಾಜಿನ ಸುಂಕ 1845ರಲ್ಲಿ ಹೋಯಿತು, ಇಟ್ಟಿಗೆ ತೆರಿಗೆ 1850ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ. ಹೌದು, ಕಿಟಕಿಗೆ ತೆರಿಗೆ ಇತ್ತು. ಮನೆಗೆ ಎಷ್ಟು ಕಿಟಕಿ ಎಂದು ಎಣಿಸಿ ದುಡ್ಡು ಕೀಳುತ್ತಿದ್ದರು. ಅದು ಹೋದ ಮೇಲೆ ದೊಡ್ಡ ಗಾಜು, ಮುಂದಕ್ಕೆ ಚಾಚಿದ ಕಿಟಕಿ ಎಲ್ಲ ಮಧ್ಯಮ ವರ್ಗದವರ ಕೈಗೂ ಎಟುಕಿದವು.

ಇದು ಯಾರ ಮನೆ? ಯಾವುದಾದರೂ ಲಾರ್ಡ್‌ದಾ?

ಅಲ್ಲ, ಅದಕ್ಕೇ ನನಗೆ ಇಷ್ಟ. ಎಡ್ವರ್ಡ್ ಲಿನ್ಲೆ ಸ್ಯಾಂಬೋರ್ನ್ (1844–1910) ಸಂಬಳಕ್ಕೆ ದುಡಿಯುವ ವ್ಯಂಗ್ಯಚಿತ್ರಕಾರ. "ಪಂಚ್" ವಾರಪತ್ರಿಕೆಗೆ ನಾಲ್ಕು ದಶಕ ಬರೆದವನು. 1901ರಲ್ಲಿ ಜಾನ್ ಟೆನಿಯಲ್ ನಿವೃತ್ತಿಯಾದಾಗ ಮುಖ್ಯ ವ್ಯಂಗ್ಯಚಿತ್ರಕಾರನಾದ. ಆಫ್ರಿಕಾದಲ್ಲಿ ಬ್ರಿಟಿಷ್ ಆಳ್ವಿಕೆ ಹಬ್ಬಿಸಲು ಹೊರಟ ಸೆಸಿಲ್ ರೋಡ್ಸ್ ಒಂದು ಕಾಲು ಕೈರೋದಲ್ಲಿ, ಇನ್ನೊಂದು ಕಾಲು ಕೇಪ್‌ಟೌನಿನಲ್ಲಿ ಊರಿ, ಕೈಯಲ್ಲಿ ಟೆಲಿಗ್ರಾಫ್ ತಂತಿ ಹಿಡಿದು ಇಡೀ ಆಫ್ರಿಕಾದ ಮೇಲೆ ನಿಂತ ಚಿತ್ರವನ್ನು ಚರಿತ್ರೆಯ ಪುಸ್ತಕದಲ್ಲಿ ನೋಡಿರಬಹುದು. ಅದು 1892ರಲ್ಲಿ ಇವನು ಬರೆದದ್ದು.

1874ರಲ್ಲಿ ಮೇರಿಯನ್ ಹೆರಾಪತ್ ಎಂಬ ಷೇರು ದಲ್ಲಾಳಿಯ ಮಗಳನ್ನು ಮದುವೆಯಾದ. ಮರುವರ್ಷವೇ ಇಬ್ಬರೂ ಈ ಮನೆಗೆ ಬಂದರು. ಆಗ ಬೀದಿಯೇ ಹೊಸದು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, ಹೊಸ ಬಡಾವಣೆಯಲ್ಲಿ ಸ್ವಲ್ಪ ಕೈಮೀರಿ ಮನೆ ಮಾಡಿದ ಜೋಡಿ. ಅವನ ಸಂಪಾದನೆ ಚೆನ್ನಾಗಿತ್ತು, ಆದರೆ ಅವನ ಆಸೆ ಅದಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಹತ್ತು ನಿಮಿಷ ನಡೆದರೆ ಫ್ರೆಡರಿಕ್ ಲೇಟನ್ ಎಂಬ ಸಿರಿವಂತ ಚಿತ್ರಕಾರನ ಮನೆ ಇದೆ. ಅಲ್ಲಿ ಡಮಾಸ್ಕಸ್ಸಿನ ಹಳೆಯ ಟೈಲ್ಸ್ ಗೋಡೆಗೆ ಹೊದಿಸಿದ ಅರಬ್ಬಿ ಹಜಾರ, ನಡುವೆ ಕಾರಂಜಿ. ಅಂಥವರ ನೆರೆಯಲ್ಲಿ ಇದ್ದುಕೊಂಡು ತಾನೂ ಕಲಾವಿದ ಎಂದು ತೋರಿಸಿಕೊಳ್ಳಬೇಕಿತ್ತು, ಕೈಯಲ್ಲಿ ಅಷ್ಟು ಕಾಸಿರಲಿಲ್ಲ. ಮನೆಯೊಳಗೆ ಏನೇ ನೋಡಿದರೂ ಈ ಒಂದು ಸಂಗತಿ ತಲೆಯಲ್ಲಿಟ್ಟುಕೊಳ್ಳಿ, ಅರ್ಧ ಅರ್ಥವಾಗುತ್ತದೆ.

ಇಷ್ಟು ವರ್ಷ ಹಾಗೇ ಉಳಿದದ್ದು ಹೇಗೆ? ಮ್ಯೂಸಿಯಮ್ಮಿನವರು ಹೊಸದಾಗಿ ಜೋಡಿಸಿದ್ದಲ್ಲವಾ?

ಕೆಲವು ಕೋಣೆಗಳನ್ನು ಮತ್ತೆ ಜೋಡಿಸಿದ್ದಾರೆ, ಆದರೆ ಮುಖ್ಯ ಕೋಣೆಗಳು ಹೆಚ್ಚುಕಡಿಮೆ ಇದ್ದ ಹಾಗೇ ಇವೆ. ಕಾರಣ ದೊಡ್ಡ ಆದರ್ಶವೇನಲ್ಲ. ಯಾರೂ ಸಾಮಾನು ಹೊರಗೆ ಎಸೆಯಲಿಲ್ಲ.

ಸ್ಯಾಂಬೋರ್ನ್ 1910ರಲ್ಲಿ ಹೋದ, ಮೇರಿಯನ್ 1914ರಲ್ಲಿ. ಮಗ ರಾಯ್ ಮದುವೆಯಾಗಲಿಲ್ಲ. ಅಪ್ಪ–ಅಮ್ಮ ಇಟ್ಟ ಜಾಗದಿಂದ ಕುರ್ಚಿಯನ್ನೂ ಹೆಚ್ಚು ಸರಿಸದೆ 1946ರವರೆಗೆ ಅಲ್ಲೇ ಇದ್ದ. ಆಮೇಲೆ ಮನೆ ಅವನ ಅಕ್ಕ ಮಾಡ್‌ಗೆ ಬಂತು. ಮಾಡ್‌ಗೆ ಅಜ್ಜಿಮನೆಯ ಮೋಹ ಹತ್ತಿದ ಒಬ್ಬ ಮಗಳಿದ್ದಳು, ಆನ್. ಆಕೆ ಮುಂದೆ ರಾಸ್ ಕೌಂಟೆಸ್ ಆದಳು. ರಾಜಕುಮಾರಿ ಮಾರ್ಗರೆಟ್ಟಳ ಗಂಡ ಆಂಟನಿ ಆರ್ಮ್‌ಸ್ಟ್ರಾಂಗ್-ಜೋನ್ಸ್ ಇದೇ ಆನ್‌ಳ ಮಗ.

1950ರ ದಶಕದಲ್ಲಿ ವಿಕ್ಟೋರಿಯಾ ಕಾಲದ ಮನೆ ಎಂದರೆ ಇಲ್ಲಿಯವರಿಗೇ ಅಸಡ್ಡೆ. ಮಸಿ ಹಿಡಿದದ್ದು, ಕತ್ತಲೆ ಕವಿದದ್ದು, ಕೆಡವಿ ಹಾಕುವುದೇ ಸರಿ ಎಂಬ ಮಾತು. ಆಗ 1957ರ ನವೆಂಬರಿನಲ್ಲಿ ಆನ್ ಕೆಲವು ಸ್ನೇಹಿತರನ್ನು ಇದೇ ಮನೆಗೆ ಕರೆದಳು. ಕವಿ ಜಾನ್ ಬೆಟ್ಜೆಮನ್, ಕಟ್ಟಡಗಳ ಇತಿಹಾಸಕಾರ ನಿಕೊಲಾಸ್ ಪೆವ್ಸ್‌ನರ್ ಅಂಥವರು ಆ ಪ್ರಯತ್ನದಲ್ಲಿ ಜೊತೆಯಾದರು. ಅದರಿಂದ 1958ರಲ್ಲಿ ವಿಕ್ಟೋರಿಯನ್ ಸೊಸೈಟಿ ಹುಟ್ಟಿತು. ಈ ಕಾಲದ ಕಟ್ಟಡ ಉಳಿಸಲು ಇವತ್ತಿಗೂ ಹೋರಾಡುವ ಸಂಸ್ಥೆ ಅದು. 1980ರಲ್ಲಿ ಆಗಿನ ಲಂಡನ್ ನಗರಾಡಳಿತವಾದ ಗ್ರೇಟರ್ ಲಂಡನ್ ಕೌನ್ಸಿಲ್ ಮನೆಯನ್ನು ಸಾಮಾನು ಸಮೇತ ಕೊಂಡಿತು. 1989ರಿಂದ ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಬರೋ ಕೌನ್ಸಿಲ್ಲಿನ ಕೈಯಲ್ಲಿದೆ. ಲೇಟನ್ ಮನೆಯನ್ನು ನೋಡಿಕೊಳ್ಳುವವರೂ ಅವರೇ.

ಸ್ಯಾಂಬೋರ್ನ್ ದಂಪತಿ 1877ರಲ್ಲಿ ಮನೆಯ ಸಾಮಾನುಗಳ ಪಟ್ಟಿ ಮಾಡಿಸಿದ್ದರು. ಆ ಕಾಗದ ಉಳಿದಿದೆ. ಮೇರಿಯನ್ 1881ರಿಂದ ಬರೆದ ದಿನಚರಿಗಳೂ ಉಳಿದಿವೆ. ಹಾಗಾಗಿ ಯಾವುದು ಎಲ್ಲಿತ್ತು ಎನ್ನುವುದು ಇಲ್ಲಿ ಬರೀ ಊಹೆಯಲ್ಲ.

ಓಪನ್ ಡೇ ಅಂದರೇನು? ದುಡ್ಡು ಕೊಡಬೇಕಾ?

ಎರಡು ಬಗೆ. ಸ್ಯಾಂಬೋರ್ನ್ ಹೌಸಿನಂಥವು ವಾರದಲ್ಲಿ ಇಂತಿಷ್ಟು ದಿನ ಟಿಕೆಟ್ ಇಟ್ಟು ತೆರೆಯುತ್ತವೆ. ದಿನ, ಸಮಯ ಆಗಾಗ ಬದಲಾಗುವುದರಿಂದ ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿಯೇ ಹೊರಡಿ. ನನ್ನನ್ನು ಕೇಳಬೇಡಿ, ನಾನೂ ಅಲ್ಲೇ ನೋಡಿ ಹೇಳುವುದು.

ಇನ್ನೊಂದು, ಸೆಪ್ಟೆಂಬರಿನ ಹಬ್ಬ. ಲಂಡನ್ನಿನಲ್ಲಿ 1992ರಿಂದ "ಓಪನ್ ಹೌಸ್" ನಡೆಯುತ್ತಿದೆ, ಇಂಗ್ಲೆಂಡಿನ ಉಳಿದ ಕಡೆ 1994ರಿಂದ "ಹೆರಿಟೇಜ್ ಓಪನ್ ಡೇಸ್". ಆಗ ಬೇರೆ ದಿನ ಬಾಗಿಲು ಮುಚ್ಚಿರುವ ಮನೆಗಳೂ ಪುಕ್ಕಟೆಯಾಗಿ ತೆರೆಯುತ್ತವೆ. ಜನ ಇನ್ನೂ ವಾಸವಿರುವ ಮನೆಗಳೂ ಅದರಲ್ಲಿರುತ್ತವೆ. ಒಮ್ಮೆ ಒಂದು ಮನೆಯಲ್ಲಿ ನಾವು ಹದಿನೈದು ಜನ ಛಾವಣಿಯ ಸುಣ್ಣದ ಹೂವಿನ ಕೆತ್ತನೆ ನೋಡುತ್ತ ನಿಂತಿದ್ದರೆ, ಮನೆಯ ಹುಡುಗ ಸೋಫಾದ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದ. ನಮ್ಮ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಅಂಥ ಮನೆಗಳಿಗೆ ಬುಕ್ಕಿಂಗ್ ಬೇಗ ಮುಗಿಯುತ್ತದೆ. ಬುಕ್ ಮಾಡಿ ಹೋಗದೆ ಇರುವ ನಮ್ಮವರ ಅಭ್ಯಾಸ ಮಾತ್ರ ದಯವಿಟ್ಟು ಬೇಡ. ನಿಮ್ಮ ಜಾಗಕ್ಕೆ ಇನ್ನೊಬ್ಬರು ಕಾಯುತ್ತಿರುತ್ತಾರೆ.

ಹೋಗುವುದು ಹೇಗೆ?

ಹೈ ಸ್ಟ್ರೀಟ್ ಕೆನ್ಸಿಂಗ್ಟನ್ ಟ್ಯೂಬ್ ಸ್ಟೇಷನ್ನಿನಲ್ಲಿ ಇಳಿಯಿರಿ. ಸರ್ಕಲ್ ಮತ್ತು ಡಿಸ್ಟ್ರಿಕ್ಟ್ ಲೈನ್ ಎರಡೂ ಬರುತ್ತವೆ. ಅಲ್ಲಿಂದ ಸ್ವಲ್ಪ ನಡಿಗೆ. ಇಡೀ ಸಾಲು ಒಂದೇ ಥರ ಇರುವುದರಿಂದ ನಂಬರು ನೋಡಿಕೊಂಡು ಹೋಗಿ. ನಮ್ಮ ಚಿಕ್ಕಪ್ಪ ಒಮ್ಮೆ ಪಕ್ಕದವರ ಕರೆಗಂಟೆ ಒತ್ತಿ, ಬಾಗಿಲು ತೆಗೆದ ಹೆಂಗಸಿಗೆ ಟಿಕೆಟ್ ತೋರಿಸಿದ್ದರು.

ಚಪ್ಪಲಿ ಬಿಟ್ಟು ಹೋಗಬೇಕಾ?

ಅಮ್ಮಂದಿರು ಕೇಳುವ ಮೊದಲ ಪ್ರಶ್ನೆಯೇ ಇದು. ಸಾಮಾನ್ಯವಾಗಿ ಬೇಕಿಲ್ಲ. ಆದರೆ ಚೂಪು ಹಿಮ್ಮಡಿಯ ಶೂ ಹಾಕಬೇಡಿ. ಮೈಭಾರವೆಲ್ಲ ಬೆರಳಗಲದ ಜಾಗದ ಮೇಲೆ ಬಿದ್ದು ಹಳೆಯ ಮರದ ನೆಲ ಗುಳಿ ಬೀಳುತ್ತದೆ. ಬೆನ್ನಿನ ಬ್ಯಾಗನ್ನು ಮುಂದಕ್ಕೆ ಹಾಕಿಕೊಳ್ಳಿ ಎನ್ನುತ್ತಾರೆ. ಇದು ತಮಾಷೆಯಲ್ಲ. ನನ್ನ ಗೆಳೆಯನೊಬ್ಬ ಬೇರೊಂದು ಮನೆಯಲ್ಲಿ ಸುಮ್ಮನೆ ತಿರುಗಿದ್ದಕ್ಕೆ ಹಿಂದಿದ್ದ ಹೂಜಿ ಅಲ್ಲಾಡಿತು. ಬೀಳಲಿಲ್ಲ, ಆದರೆ ಆ ಕೋಣೆಯಲ್ಲಿ ಯಾರೂ ಐದು ಸೆಕೆಂಡು ಉಸಿರಾಡಲಿಲ್ಲ.

ನಿಜವಾಗಿ ಶೂ ಬಿಡಿಸುವ ಒಂದು ಸಾಲುಮನೆ ಇದೆ: ದಕ್ಷಿಣ ಲಂಡನ್ನಿನ 575 ವಾಂಡ್ಸ್‌ವರ್ತ್ ರಸ್ತೆ. ಕೀನ್ಯಾದಲ್ಲಿ ಹುಟ್ಟಿದ ಕವಿ ಕದಂಬಿ ಅಸಲಾಚೆ ಸರ್ಕಾರಿ ನೌಕರಿ ಮಾಡುತ್ತಲೇ ಇಪ್ಪತ್ತು ವರ್ಷ ಗೋಡೆ, ಛಾವಣಿ, ಬಾಗಿಲುಗಳಿಗೆಲ್ಲ ಕೈಯಿಂದ ಮರದ ಜಾಲರಿ ಕೆತ್ತಿ ಹಚ್ಚಿದ. ನೆಲಕ್ಕೂ ಬಣ್ಣದ ಚಿತ್ತಾರ. ಮನೆ ವಿಕ್ಟೋರಿಯಾಗಿಂತ ಹಳೆಯದು, ಕೆಲಸ ನಮ್ಮ ಕಾಲದ್ದು. ಅವನ ಹೆಸರು ಕೇಳಿ "ಕದಂಬರ ಕಡೆಯವನಾ?" ಎಂದು ಕೇಳಿದವರಿದ್ದಾರೆ. ಇಲ್ಲ.

ಒಳಗೆ ಯಾಕಿಷ್ಟು ಕತ್ತಲೆ? ಲೈಟ್ ಹಾಕಬಾರದಾ?

ಬೆಳಕು ಬಟ್ಟೆಯನ್ನೂ ಕಾಗದವನ್ನೂ ತಿನ್ನುತ್ತದೆ. ಒಮ್ಮೆ ಮಾಸಿದ ಬಣ್ಣ ತಿರುಗಿ ಬರುವುದಿಲ್ಲ, ಅದಕ್ಕೇ ಪರದೆ ಇಳಿಸಿರುತ್ತಾರೆ. ಬಾಗಿಲಲ್ಲಿ ಎರಡು ನಿಮಿಷ ಸುಮ್ಮನೆ ನಿಲ್ಲಿ, ಕಣ್ಣು ಹೊಂದಿಕೊಂಡ ಮೇಲೆ ಕೋಣೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅವರ ಕಾಲದಲ್ಲೂ ಹೀಗೇ ಇತ್ತು. ಗ್ಯಾಸ್ ದೀಪ, ಮೇಣದಬತ್ತಿ, ಹೊರಗೆ ಕಲ್ಲಿದ್ದಲ ಹೊಗೆಯ ಮಬ್ಬು. ಬಂಗಾರದ ಬಣ್ಣದ ಅಂಚು, ಉಬ್ಬು ಕೆಲಸದ ಗೋಡೆಕಾಗದ, ಕನ್ನಡಿ ಇವೆಲ್ಲ ಆ ಮಿಣುಕು ಬೆಳಕಿಗಾಗಿ ಆರಿಸಿದ್ದು. ಟ್ಯೂಬ್‌ಲೈಟ್ ಹಾಕಿದರೆ ಗುಜರಿ ಅಂಗಡಿಯ ಹಾಗೆ ಕಂಡೀತು.

ಇಷ್ಟೊಂದು ಸಾಮಾನು ಯಾಕೆ?

ಮೆಟ್ಟಿಲ ಗೋಡೆಯಲ್ಲಿ ಮೇಲಿಂದ ಕೆಳಗಿನವರೆಗೆ ಚಿತ್ರಗಳು. ಊಟದ ಕೋಣೆಯ ಸುತ್ತ ಕಟ್ಟೆಯ ಹಾಗೆ ಪಟ್ಟಿ, ಅದರ ಮೇಲೆ ನೀಲಿ–ಬಿಳಿ ಪಿಂಗಾಣಿ ತಟ್ಟೆಗಳ ಸಾಲು. ಬೈಠಕ್ಕಿನ ಕೋಣೆಯಲ್ಲಿ ಕುರ್ಚಿ, ಮೇಜು, ಗಡಿಯಾರ, ಹೂದಾನಿ, ನಡೆಯಲು ಒಂದು ಸಣ್ಣ ಓಣಿ. ಆ ಕಾಲಕ್ಕೆ ಖಾಲಿ ಗೋಡೆ ಎಂದರೆ ಬಡತನ ಅಥವಾ ಅಭಿರುಚಿ ಇಲ್ಲದಿರುವುದು. ಇದು ನಮಗೆ ಹೊಸದಾ? ಷೋಕೇಸಿನಲ್ಲಿ ಮದುವೆಗೆ ಬಂದ ಗಣಪತಿಗಳು, ಊಟಿಯ ಬೊಂಬೆ, ಒಮ್ಮೆಯೂ ಬಳಸದ ಕಪ್ಪು–ಸಾಸರು ಇಟ್ಟ ಮನೆಯಿಂದ ಬಂದವರು ಇಲ್ಲಿ ಮೂಗು ಮುರಿಯುವ ಹಾಗಿಲ್ಲ.

ಕುರ್ಚಿಗಳ ಬೆನ್ನಿನ ಮೇಲೆ ಕಸೂತಿಯ ಸಣ್ಣ ಬಟ್ಟೆ ಹೊದಿಸುವುದು ಆ ಕಾಲದ ಮನೆಗಳ ರೂಢಿ. ಅದು ಅಂದಕ್ಕಲ್ಲ. ಗಂಡಸರು ತಲೆಗೆ ಮಕಾಸರ್ ಎಣ್ಣೆ ಹಚ್ಚುತ್ತಿದ್ದರು, ಒರಗಿದರೆ ಜಿಡ್ಡು ಅಂಟುತ್ತಿತ್ತು. ನಮ್ಮ ಅಜ್ಜನ ಮನೆಯ ಜಗಲಿ ಗೋಡೆಯಲ್ಲಿ ಎಣ್ಣೆ ತಲೆ ಒರಗಿ ಒರಗಿ ಆದ ಗುಂಡನೆಯ ಕಲೆ ಇತ್ತು. ಅಜ್ಜಿ ಬಟ್ಟೆ ಹೊದಿಸಲಿಲ್ಲ, ವರ್ಷಕ್ಕೊಮ್ಮೆ ಸುಣ್ಣ ಹೊಡೆಸಿ, ವರ್ಷವಿಡೀ ಬೈಯುತ್ತಿದ್ದಳು.

ಒಂದೇ ಒಂದು ಸಂಗತಿ ನೋಡುವುದಾದರೆ ಯಾವುದು?

ಬೈಠಕ್ಕಿನ ಕೋಣೆಯ ಗೋಡೆ.

ಮನೆಗೆ ಬಂದ ಹೊಸದರಲ್ಲಿ ಆ ಕಾಲದ ಹೆಸರಾಂತ ವಿನ್ಯಾಸಕಾರ ವಿಲಿಯಂ ಮೋರಿಸನ ಕಂಪನಿಯ ಗೋಡೆಕಾಗದ ಅಂಟಿಸಿದ್ದರು. ಕೆಲವು ವರ್ಷಕ್ಕೆ ಫ್ಯಾಷನ್ ಬದಲಾಯಿತು. ತೊಗಲಿನ ಹಾಗೆ ಕಾಣುವ, ಬಂಗಾರದ ಹೊಳಪಿನ ಉಬ್ಬು ಕಾಗದ ಬೇಕೆನಿಸಿತು. ಅದು ದುಬಾರಿ. ಸ್ಯಾಂಬೋರ್ನ್ ಏನು ಮಾಡಿದ? ಚಿತ್ರ ತೂಗುಹಾಕಿದ ಜಾಗ, ಪೀಠೋಪಕರಣದ ಹಿಂದಿನ ಜಾಗ ಬಿಟ್ಟು, ಕಣ್ಣಿಗೆ ಬೀಳುವಷ್ಟಕ್ಕೆ ಮಾತ್ರ ಹೊಸ ಕಾಗದ ಹಚ್ಚಿಸಿದ. ಚಿತ್ರ ಸರಿಸಿದರೆ ಹಿಂದೆ ಹಳೆಯ ಮೋರಿಸ್ ಕಾಗದ, ಬೆಳಕು ಕಾಣದೆ ಬಣ್ಣ ಉಳಿಸಿಕೊಂಡು ಕೂತಿದೆ. ಬೀರುವಿನ ಹಿಂದಿನ ಗೋಡೆಗೆ ಬಣ್ಣ ಹೊಡೆಯದೆ ಬಿಡುವ ಪೇಂಟರನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಯಜಮಾನನೇ ಹೇಳಿ ಬಿಡಿಸಿದ್ದಾನೆ. ಆ ಜಿಪುಣತನದಿಂದ ಒಂದು ಒಳ್ಳೆಯ ಕಾಗದ ಉಳಿಯಿತು.

ಬಚ್ಚಲುಮನೆಯಲ್ಲಿ ಫೋಟೋಗಳು ಯಾಕೆ?

ಸ್ಯಾಂಬೋರ್ನ್‌ಗೆ ವಾರ ವಾರ ಗಡುವು. ಬುಧವಾರ ರಾತ್ರಿ "ಪಂಚ್" ಬಳಗದವರ ಊಟ, ಆ ವಾರದ ದೊಡ್ಡ ಚಿತ್ರ ಯಾವುದರ ಬಗ್ಗೆ ಎಂದು ತೀರ್ಮಾನವಾಗುವುದು ಅಲ್ಲಿ. ಆಮೇಲೆ ಒಂದೆರಡು ದಿನದಲ್ಲಿ ಮುಗಿಸಿ ಕೊಡಬೇಕು. ಸೈನಿಕನ ಕೋಟಿನ ಮಡಿಕೆ, ಮಂತ್ರಿಯ ಟೋಪಿ, ಬಾಗಿದ ಮೊಣಕಾಲು ಎಲ್ಲ ನೋಡಿಯೇ ಬರೆಯಬೇಕೆಂಬ ಹಟ ಅವನದು. 1880ರ ದಶಕದಲ್ಲಿ ಕ್ಯಾಮೆರಾ ಹಿಡಿದ. ಹಿತ್ತಲಲ್ಲಿ ತಾನೇ ವೇಷ ಹಾಕಿ ನಿಂತ, ಹೆಂಡತಿ ಮಕ್ಕಳನ್ನು ನಿಲ್ಲಿಸಿದ, ಕುದುರೆ ನೋಡಿಕೊಳ್ಳುವವನಿಗೂ ಕೆಲಸದವರಿಗೂ ವೇಷ ತೊಡಿಸಿದ. ಬಚ್ಚಲಲ್ಲೇ ಫೋಟೋ ತೊಳೆಯುತ್ತಿದ್ದ. ಸ್ನಾನದ ತೊಟ್ಟಿ ಅಮೃತಶಿಲೆಯದು, ಅದರಲ್ಲಿ ರಾಸಾಯನಿಕ. ಮನೆಯವರು ಸ್ನಾನಕ್ಕೆ ಏನು ಮಾಡುತ್ತಿದ್ದರು ಎಂದು ಮೊದಲು ಕೇಳಿದವಳು ನನ್ನ ಹೆಂಡತಿ. ಸರಿಯಾದ ಪ್ರಶ್ನೆಯೇ. ಅವನು ತೆಗೆದು ಕೂಡಿಹಾಕಿದ ಫೋಟೋಗಳು ಸುಮಾರು 30,000.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕೊನೆಯ ವರ್ಷಗಳಲ್ಲಿ ಮರೆಮಾಚಿದ ಕ್ಯಾಮೆರಾ ಹಿಡಿದು, ಕೆನ್ಸಿಂಗ್ಟನ್ ಬೀದಿಯಲ್ಲಿ ನಡೆದು ಹೋಗುವ ಹುಡುಗಿಯರ ಫೋಟೋಗಳನ್ನು ಅವರಿಗೆ ತಿಳಿಯದಂತೆ ತೆಗೆದ. ಆ ಕಾಲದ ಉಡುಪು, ನಡಿಗೆಗೆ ಅವು ಒಳ್ಳೆಯ ದಾಖಲೆ ಎನ್ನುತ್ತಾರೆ. ಇರಬಹುದು. ಇವತ್ತು ಯಾರಾದರೂ ಹಾಗೆ ಮಾಡಿದರೆ ಏನೆನ್ನುತ್ತೇವೋ ಅದನ್ನೇ ನಾನು ಅವನಿಗೂ ಅನ್ನುತ್ತೇನೆ. ಬೆತ್ತಲೆ ಮಾಡೆಲ್‌ಗಳ ಫೋಟೋಗಳೂ ಅವನ ಸಂಗ್ರಹದಲ್ಲಿವೆ. ಚಿಕ್ಕ ಮಕ್ಕಳ ಜೊತೆ ಹೋಗುವವರು ಉತ್ತರ ಸಿದ್ಧ ಮಾಡಿಕೊಂಡಿರಿ.

ಅಡುಗೆಮನೆ ಎಲ್ಲಿ? ಕೆಲಸದವರು ಎಲ್ಲಿರುತ್ತಿದ್ದರು?

ಅಡುಗೆ ಕೆಳಗೆ ನೆಲಮಾಳಿಗೆಯಲ್ಲಿ, ಮಲಗುವುದು ಮೇಲೆ ಸೂರಿನಡಿ. ಮನೆಯನ್ನು ಯಜಮಾನರು ನಡುವಿನ ಮೂರು ಹಂತದಲ್ಲಿ ಅನುಭವಿಸಿದರೆ, ಕೆಲಸದವರು ತುದಿಯಿಂದ ಬುಡಕ್ಕೆ ಓಡುತ್ತಿದ್ದರು. ಸ್ಯಾಂಬೋರ್ನ್ ಮನೆಯಲ್ಲಿ ಅಡುಗೆಯವಳು, ಬಡಿಸುವವಳು, ಗುಡಿಸಿ ಒರೆಸುವವಳು, ಮಕ್ಕಳು ಸಣ್ಣವರಿದ್ದಾಗ ದಾದಿ, ಕುದುರೆಗೊಬ್ಬ. ಸಾಧಾರಣ ಅನುಕೂಲಸ್ಥರ ಮನೆಯಲ್ಲೇ ಇಷ್ಟು ಜನ. 1891ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಮನೆಗೆಲಸದ ಹೆಂಗಸರು ಹತ್ತು ಲಕ್ಷಕ್ಕೂ ಹೆಚ್ಚು.

ಬೆಳಗ್ಗೆ ಎದ್ದರೆ ಮೊದಲು ಕೋಣೆ ಕೋಣೆಯ ಬೂದಿ ಬಾಚಬೇಕು, ಒಲೆಯ ಕಬ್ಬಿಣಕ್ಕೆ ಕಪ್ಪು ಹಚ್ಚಿ ತಿಕ್ಕಬೇಕು, ಬೆಂಕಿ ಹೊತ್ತಿಸಬೇಕು. ಕಲ್ಲಿದ್ದಲು ಮೇಲಕ್ಕೆ, ಬೂದಿ ಕೆಳಕ್ಕೆ. ಬಿಸಿನೀರು ಮೇಲಕ್ಕೆ, ಕೊಳೆನೀರು ಕೆಳಕ್ಕೆ. ನೀವು ಟಿಕೆಟ್ ಕೊಟ್ಟು ಒಮ್ಮೆ ಮೆಟ್ಟಿಲು ಹತ್ತಿ ಮೊಣಕಾಲು ಒತ್ತಿಕೊಳ್ಳುತ್ತೀರಲ್ಲ, ಅವರು ದಿನಕ್ಕೆ ಎಷ್ಟು ಸಲ ಹತ್ತಿರಬೇಕು ಲೆಕ್ಕ ಹಾಕಿ. ಹತ್ತುವಾಗ ಒಂದು ಗಮನಿಸಿ: ಮೇಲಿನ ಮಹಡಿಗೆ ಹೋದ ಹಾಗೆ ಇಂಥ ಮನೆಗಳಲ್ಲಿ ಕಟಕಟೆಯ ಕೆತ್ತನೆ ಸರಳವಾಗುತ್ತದೆ, ಛಾವಣಿಯ ಅಂಚಿನ ಹೂಬಳ್ಳಿ ನಿಂತುಹೋಗುತ್ತದೆ. ಅತಿಥಿಯ ಕಣ್ಣು ತಲುಪದ ಕಡೆ ದುಡ್ಡು ಹಾಕಿಲ್ಲ. ಗೋಡೆಕಾಗದದ ಲೆಕ್ಕವೇ.

ಅಮ್ಮನಿಗೆ ಮಂಡಿನೋವು. ಕರೆದುಕೊಂಡು ಹೋಗಬಹುದಾ?

ಮೊದಲೇ ಫೋನ್ ಮಾಡಿ ಕೇಳಿ. ಇಂಥ ಮನೆಗಳಲ್ಲಿ ಎಲ್ಲ ಮಹಡಿಗೂ ಲಿಫ್ಟ್ ಇರುವುದು ಅಪರೂಪ, ಮೆಟ್ಟಿಲು ಕಿರಿದು, ಕಡಿದು. ಮಗುವಿನ ತಳ್ಳುಗಾಡಿ ಬಾಗಿಲಲ್ಲೇ ಬಿಡಬೇಕಾಗಬಹುದು. ನಮ್ಮತ್ತೆ ಮೊದಲ ಮಹಡಿಯವರೆಗೆ ಬಂದು, "ನೀವು ನೋಡ್ಕೊಂಡು ಬನ್ನಿ, ನಂಗಿಷ್ಟೇ ಸಾಕು" ಎಂದು ಅಲ್ಲಿದ್ದ ಸ್ವಯಂಸೇವಕಿಯ ಪಕ್ಕ ನಿಂತರು. ನಾವು ಇಳಿದು ಬರುವಷ್ಟರಲ್ಲಿ ಇಬ್ಬರೂ ಬೆಳ್ಳಿ ಪಾತ್ರೆ ತಿಕ್ಕುವ ಬಗ್ಗೆ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ವಿಭೂತಿ ಹಾಕಿ ತಿಕ್ಕಿದರೆ ಹೊಳೆಯುತ್ತದೆ ಎನ್ನುವುದನ್ನು ಆಕೆಗೆ ಹೇಗೆ ತಿಳಿಸಿದರೋ.

ಕುರ್ಚಿಯ ಮೇಲೆ ಒಣಗಿದ ಮುಳ್ಳಿನ ಕಾಯಿ ಇಟ್ಟಿರುತ್ತಾರಲ್ಲ, ಅದೇನು ಶಾಸ್ತ್ರ?

ಶಾಸ್ತ್ರವಲ್ಲ, ಉಪಾಯ. ಟೀಸಲ್ ಎಂಬ ಗಿಡದ ಕಾಯಿ ಅದು, ಕೆಲವು ಕಡೆ ಪೈನ್ ಮರದ ಕಾಯಿ ಇಡುತ್ತಾರೆ. "ಕೂರಬೇಡಿ" ಎಂದು ಬೋರ್ಡು ಹಾಕುವ ಬದಲು ಇಟ್ಟದ್ದು. ಮುಟ್ಟಬೇಡಿ ಎನ್ನುವುದಕ್ಕೂ ಕಾರಣ ಇದೆ. ಕೈಬೆವರಿನ ಉಪ್ಪು–ಜಿಡ್ಡು ಹಿತ್ತಾಳೆಯನ್ನೂ ಬಂಗಾರದ ಲೇಪವನ್ನೂ ತಿನ್ನುತ್ತದೆ. ಫೋಟೋ ತೆಗೆಯುವ ನಿಯಮ ಮನೆಯಿಂದ ಮನೆಗೆ ಬೇರೆ, ಬಾಗಿಲಲ್ಲೇ ಕೇಳಿ. ಫ್ಲ್ಯಾಷ್ ಮಾತ್ರ ಎಲ್ಲೂ ಬೇಡ.

ಬಡವರ ಮನೆಯನ್ನು ಯಾರೂ ಉಳಿಸಲಿಲ್ಲವಾ?

ಉಳಿಸಿದ್ದಾರೆ, ಕಡಿಮೆ. ಸಾಧ್ಯವಾದರೆ ಬರ್ಮಿಂಗ್‌ಹ್ಯಾಮಿನ ಬ್ಯಾಕ್-ಟು-ಬ್ಯಾಕ್ ಮನೆಗಳಿಗೆ ಹೋಗಿ. ಹರ್ಸ್ಟ್ ಸ್ಟ್ರೀಟ್ ಮತ್ತು ಇಂಜ್ ಸ್ಟ್ರೀಟ್ ಮೂಲೆಯಲ್ಲಿ ಹನ್ನೊಂದು ಮನೆಗಳ ಗುಂಪು. ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 2004ರಲ್ಲಿ ಜನರಿಗೆ ತೆರೆಯಿತು. ಇವು ಪಕ್ಕದ ಗೋಡೆ ಮಾತ್ರವಲ್ಲ, ಬೆನ್ನಿನ ಗೋಡೆಯನ್ನೂ ಹಂಚಿಕೊಂಡ ಮನೆಗಳು. ಒಂದು ಬೀದಿಗೆ ಮುಖ ಮಾಡಿದ್ದರೆ ಅದರ ಬೆನ್ನಿಗೆ ಅಂಟಿದ ಇನ್ನೊಂದು ಒಳಗಿನ ಅಂಗಳಕ್ಕೆ. ಹಿತ್ತಿಲ ಬಾಗಿಲೂ ಇಲ್ಲ, ಗಾಳಿಯೂ ಆಡುವುದಿಲ್ಲ. ಹಂತಕ್ಕೊಂದು ಕೋಣೆ. ಅಂಗಳದಲ್ಲಿ ಎಲ್ಲರಿಗೂ ಸೇರಿ ಕಕ್ಕಸು, ಬಟ್ಟೆ ಒಗೆಯುವ ಕೋಣೆ. ಒಗೆಯಲು ಯಾರಿಗೆ ಯಾವ ವಾರ ಎಂದು ಸರದಿ. ವಠಾರದಲ್ಲಿ ಬೆಳೆದವರಿಗೆ ಇಲ್ಲಿ ಗೈಡು ಬೇಡ, ನಲ್ಲಿಕಟ್ಟೆಯ ಜಗಳ ತಾನಾಗಿ ಕೇಳಿಸುತ್ತದೆ. ಸೇಂಟ್ ಕಿಟ್ಸ್ ದ್ವೀಪದಿಂದ ಬಂದ ದರ್ಜಿ ಜಾರ್ಜ್ ಸಾಂಡರ್ಸ್ 2001ರವರೆಗೂ ಅಲ್ಲಿ ಅಂಗಡಿ ಇಟ್ಟಿದ್ದ. ಅವನ ಅಂಗಡಿಯನ್ನೂ ಉಳಿಸಿದ್ದಾರೆ. ಗೈಡಿನ ಜೊತೆಯಷ್ಟೇ ಪ್ರವೇಶ, ಮೊದಲೇ ಬುಕ್ ಮಾಡಬೇಕು.

ಎರಡನ್ನೂ ನೋಡುವುದಾದರೆ ಬರ್ಮಿಂಗ್‌ಹ್ಯಾಮಿಗೆ ಮೊದಲು ಹೋಗಿ. ಆಮೇಲೆ ಸ್ಯಾಂಬೋರ್ನನ ಚಿತ್ರ ತುಂಬಿದ ಗೋಡೆ ಬೇರೆಯಾಗಿಯೇ ಕಾಣುತ್ತದೆ.

ನಮ್ಮ ದೇಶದ್ದೇನಾದರೂ ಇದೆಯಾ?

ನೇರವಾಗಿ ಅಲ್ಲ. ಆದರೆ ಕಿಟಕಿಯಲ್ಲಿ ಜರಿಗಿಡಗಳಿರುವ ಗಾಜಿನ ಪೆಟ್ಟಿಗೆ ನೋಡಿ. ಅದು ವಾರ್ಡಿಯನ್ ಕೇಸ್. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಕಂಡುಹಿಡಿದದ್ದು. ಗಾಜು ಮುಚ್ಚಿಟ್ಟರೆ ಒಳಗಿನ ತೇವ ಒಳಗೇ ಸುತ್ತುತ್ತ ಗಿಡ ನೀರಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ, ಹೊರಗಿನ ಮಸಿಯೂ ತಾಗುವುದಿಲ್ಲ. ಲಂಡನ್ನಿನ ಬೈಠಕ್‌ಖಾನೆಯಲ್ಲಿ ಅದು ಅಲಂಕಾರ. ಹಡಗಿನ ಮೇಲೆ ಅದೇ ಪೆಟ್ಟಿಗೆ ಸಾಮ್ರಾಜ್ಯದ ಸಾಧನ. ಗಿಡ ಹುಡುಕಿ ತರುತ್ತಿದ್ದ ರಾಬರ್ಟ್ ಫಾರ್ಚೂನ್ ಚೀನಾದಿಂದ ಭಾರತಕ್ಕೆ ಚಹಾ ಸಸಿ ಸಾಗಿಸಿದ್ದು ಇಂಥ ಪೆಟ್ಟಿಗೆಗಳಲ್ಲಿ. ದಕ್ಷಿಣ ಅಮೆರಿಕದ ಸಿಂಕೋನಾ, ಮಲೇರಿಯಾಕ್ಕೆ ಕ್ವಿನೈನ್ ಕೊಡುವ ಮರ, ನೀಲಗಿರಿಯ ಕಡೆಗೆ ಹೊರಟದ್ದೂ ಇಂಥವುಗಳಲ್ಲೇ.

ಕರ್ನಾಟಕದ್ದೇ ಬೇಕೆಂದರೆ ಮತ್ತೆ ಟ್ಯೂಬ್ ಹತ್ತಿ ಎರಡು ಸ್ಟೇಷನ್ ಮುಂದೆ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಇಳಿಯಿರಿ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪುವಿನ ಮರದ ಹುಲಿ ಇದೆ, ಕಾಲಡಿಯಲ್ಲಿ ಯುರೋಪಿನ ಸೈನಿಕ. ಒಂದೇ ದಿನದಲ್ಲಿ ಎರಡೂ ಆಗುತ್ತದೆ.

ನಾನು ಬಾಡಿಗೆಗಿರುವುದೂ ಹಳೇ ಸಾಲುಮನೆ. ಇದನ್ನು ನೋಡಿ ನನಗೇನು ಉಪಯೋಗ?

ಬಹಳ ಇದೆ. ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಐದಕ್ಕೊಂದು ಮನೆ 1919ಕ್ಕಿಂತ ಹಳೆಯದು. ನಮ್ಮ ಎಷ್ಟೋ ಜನ ಅವುಗಳಲ್ಲೇ ಇದ್ದು, "ಗೋಡೆಯೆಲ್ಲ ಬೂಷ್ಟು" ಎಂದು ಗೋಳಾಡುತ್ತಾರೆ. ಆ ಗೋಡೆಗಳು ಸಾಮಾನ್ಯವಾಗಿ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ, ನಡುವೆ ಗಾಳಿಯ ಸಂದಿಲ್ಲ. ಕಟ್ಟಿದವರು ಕೋಣೆಗೊಂದು ಒಲೆ ಉರಿಯುತ್ತದೆ, ಚಿಮಣಿ ಗಾಳಿ ಎಳೆಯುತ್ತದೆ ಎಂದುಕೊಂಡೇ ಕಟ್ಟಿದ್ದರು. ಈಗ ಒಲೆ ಮುಚ್ಚಿದ್ದಾರೆ, ಕಿಟಕಿಗೆ ಜೋಡಿ ಗಾಜು ಹಾಕಿದ್ದಾರೆ, ಒಳಗೆ ನಾವು ದಿನಾ ಕುಕ್ಕರ್ ಕೂಗಿಸುತ್ತೇವೆ. ಹಬೆ ಹೋಗುವುದೆಲ್ಲಿಗೆ? ಮುಚ್ಚಿದ ಒಲೆಯ ಜಾಗದಲ್ಲಿ ಸಣ್ಣ ಜಾಲರಿ ಇದ್ದರೆ, ಚಳಿ ಬರುತ್ತೆ ಎಂದು ಅದಕ್ಕೆ ಟೇಪು ಹಚ್ಚಬೇಡಿ. ನಾನು ಹಚ್ಚಿದ್ದೆ. ಮಾರ್ಚಿನಲ್ಲಿ ಬೀರು ಸರಿಸಿದಾಗ ಹಿಂದಿನ ಗೋಡೆ ಕಪ್ಪಾಗಿತ್ತು.

ಮೇಲೆ–ಕೆಳಗೆ ಜಾರುವ ಹಳೆಯ ಮರದ ಕಿಟಕಿಯನ್ನೂ ಓಪನ್ ಡೇಯಲ್ಲಿ ಗಮನಿಸಿ. ಚೌಕಟ್ಟಿನ ಒಳಗೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ತೂಕ ಇರುತ್ತದೆ, ಬಾವಿಯ ರಾಟೆಯ ಲೆಕ್ಕ. ಮೇಲಿನ ಭಾಗವನ್ನು ನಾಲ್ಕು ಬೆರಳು ಇಳಿಸಿ, ಕೆಳಗಿನದನ್ನು ನಾಲ್ಕು ಬೆರಳು ಎತ್ತಿದರೆ ಬಿಸಿಗಾಳಿ ಮೇಲಿಂದ ಹೊರಗೆ, ತಂಪು ಕೆಳಗಿಂದ ಒಳಗೆ.

ಊಟ, ಬಚ್ಚಲು?

ಒಳಗೆ ತಿನ್ನುವ ಹಾಗಿಲ್ಲ. ಚೂರು ಬಿದ್ದರೆ ಹುಳ, ಹುಳ ಬಂದರೆ ಬಟ್ಟೆಗೆ ಕುತ್ತು. ಹತ್ತಿರದ ಲೇಟನ್ ಹೌಸಿನಲ್ಲಿ ಕೆಫೆ ಇದೆ, ಹಾಲೆಂಡ್ ಪಾರ್ಕ್ ಇದೆ. ಪಾರ್ಕಿನ ಬೆಂಚಿನಲ್ಲಿ ಚಪಾತಿ–ಚಟ್ನಿಪುಡಿ ಬಿಚ್ಚಿದರೆ ಯಾರೂ ಏನೂ ಅನ್ನುವುದಿಲ್ಲ. ಬಚ್ಚಲಿನ ಕೆಲಸ ಮುಗಿಸಿಕೊಂಡೇ ಹೊರಡಿ. ಒಳಗೆ ಕಾಣುವ ಕಕ್ಕಸು ನೋಡಲಿಕ್ಕೆ ಮಾತ್ರ.

ಟಿಕೆಟ್ ಸಿಗಲಿಲ್ಲ. ಬೀದಿಯಲ್ಲೇ ನಿಂತು ನೋಡುವಂಥದ್ದೇನಾದರೂ ಇದೆಯಾ?

ತಲೆ ತಗ್ಗಿಸಿ. ಲಂಡನ್ನಿನ ಹಳೆಯ ಸಾಲುಮನೆಗಳ ಮುಂದಿನ ಫುಟ್‌ಪಾತಿನಲ್ಲಿ ಊಟದ ತಟ್ಟೆಯಷ್ಟು ಅಗಲದ ಗುಂಡನೆಯ ಕಬ್ಬಿಣದ ಮುಚ್ಚಳ ಕಾಣುತ್ತದೆ, ಮೇಲೆ ನಕ್ಷತ್ರ, ಚಕ್ರ, ಹೂವಿನ ಉಬ್ಬು. ಜನ ಚರಂಡಿ ಮುಚ್ಚಳ ಅಂದುಕೊಳ್ಳುತ್ತಾರೆ. ಅದು ಕಲ್ಲಿದ್ದಲ ಕಂಡಿ. ಫುಟ್‌ಪಾತಿನ ಅಡಿಯಲ್ಲೇ ಮನೆಯ ಕಲ್ಲಿದ್ದಲ ಗೂಡು. ಗಾಡಿಯವನು ಮೂಟೆ ತಂದು ಆ ಕಂಡಿಯಲ್ಲಿ ಸುರಿದು ಹೋಗುತ್ತಿದ್ದ, ಮನೆಯೊಳಗೆ ಕಾಲಿಡುವ ಪ್ರಮೇಯವೇ ಇಲ್ಲ. ಕಳ್ಳ ನುಸುಳದಷ್ಟು ಸಣ್ಣ ಕಂಡಿ, ಮುಚ್ಚಳಕ್ಕೆ ಒಳಗಿನಿಂದ ಸರಪಳಿ. ಉಬ್ಬು ಚಿತ್ರ ಮಳೆಯಲ್ಲಿ ಕಾಲು ಜಾರದಿರಲಿ ಎಂದು.

ಸ್ಟಾಫರ್ಡ್ ಟೆರೇಸಿನಿಂದ ಸ್ಟೇಷನ್ನಿಗೆ ವಾಪಸು ಬರುವಾಗ ಎಷ್ಟು ಬಗೆಯ ಮುಚ್ಚಳ ಸಿಗುತ್ತವೆ ಎಂದು ಮಕ್ಕಳಿಗೆ ಎಣಿಸಲು ಹೇಳಿ. ನನ್ನ ಮಗಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾಳೆ. ಮೃದುವಾದ ಪೆನ್ಸಿಲ್ ಒಯ್ಯಿರಿ, ಗಟ್ಟಿಯದು ಕಾಗದ ಹರಿಯುತ್ತದೆ.